ಜಿಂಕೆ ಅಡ್ಡ ಬರುವ ಮೊದಲೇ: ಕಾಡಂಚಿನ ರಸ್ತೆಯಲ್ಲಿ ವಾಹನ ಓಡಿಸುವ ಬಗೆ

ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆ ಆನೆಚೌಕೂರು ದಾಟಿ ತಿತಿಮತಿಯತ್ತ ಸಾಗುವಾಗ ಎರಡೂ ಬದಿಗೆ ಕಾಡು ಇರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಇನ್ನೂ ಮಂಜು ಪೂರ್ತಿ ಹರಿಯದ ಹೊತ್ತಿನಲ್ಲಿ, ಹೆಣ್ಣು ಜಿಂಕೆಯೊಂದು ನನ್ನ ಕಾರಿನ ಮುಂದೆ ಎಡದಿಂದ ಬಲಕ್ಕೆ ದಾಟಿತು. ನಾನು ಬ್ರೇಕ್ ಒತ್ತಿದೆ, ಅದು ಲಂಟಾನದ ಪೊದೆಯೊಳಗೆ ಮರೆಯಾಯಿತು, ಸದ್ಯ ಪಾರಾದೆ ಎಂದುಕೊಂಡು ಮತ್ತೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟೆ. ಅದರ ಹಿಂದೆಯೇ ಓಡಿಬಂದ ಮರಿ ಎಡಗಡೆಯ ಹೆಡ್‌ಲೈಟಿಗೆ ಬಡಿದು ಬಿತ್ತು, ಎದ್ದಿತು, ಕುಂಟುತ್ತ ಕಾಡಿಗೆ ನುಗ್ಗಿತು. ಉಳಿಯಿತೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಗ್ಯಾರೇಜಿನಲ್ಲಿ ಹುಡುಗನೊಬ್ಬ ದೀಪದ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ನಾಲ್ಕೈದು ಕಂದು ಕೂದಲುಗಳನ್ನು ಕಿತ್ತು, ಏನೂ ಹೇಳದೆ ನನ್ನ ಮುಂದೆ ಹಿಡಿದ.

ಜಿಂಕೆ ದಿಢೀರನೆ ಬಂತು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಆದರೆ ಮೊದಲನೆಯದು ನನ್ನ ಕಣ್ಣಿಗೆ ಬಿದ್ದಿತ್ತು, ಎರಡನೆಯದು ಬರಬಹುದೆಂಬ ತಿಳಿವಳಿಕೆಯೂ ನನಗಿತ್ತು. ಇಂಥ ಅಪಘಾತವನ್ನು ತಪ್ಪಿಸುವ ಕೆಲಸದ ಬಹುಪಾಲು ಪ್ರಾಣಿ ಕಾಣಿಸುವ ಮೊದಲೇ ಮುಗಿದಿರಬೇಕಾಗುತ್ತದೆ. ಕಂಡ ಮೇಲೆ ಮಾಡಲು ಉಳಿಯುವುದು ಬಹಳ ಕಡಿಮೆ.

ಮೊದಲು, ಹೊರಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ

ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳು ಹೆಚ್ಚಾಗಿ ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಿಂದ ರಾತ್ರಿಯವರೆಗೆ. ಚಾಲಕನ ಕಣ್ಣು ಅತಿ ಮಂದವಾಗಿರುವುದೂ ಅದೇ ಹೊತ್ತಿನಲ್ಲಿ: ಆಕಾಶದಲ್ಲಿ ಬೆಳಕಿರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ, ಹೆಡ್‌ಲೈಟ್ ಹಾಕಿದರೂ ಅದರ ಬೆಳಕು ಎದ್ದು ಕಾಣುವುದಿಲ್ಲ. ಆದ್ದರಿಂದ ಕಾಡು ಸಿಗುವ ದಾರಿಯಿದ್ದರೆ ಆ ಭಾಗವನ್ನು ಹಗಲಿನಲ್ಲೇ ದಾಟುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭವಾದ ಉಪಾಯ.

ಕೆಲವು ಕಡೆ ಸರ್ಕಾರವೇ ಇದನ್ನು ನಿಮ್ಮ ಪರವಾಗಿ ತೀರ್ಮಾನಿಸಿದೆ. ಬಂಡೀಪುರದ ಮೂಲಕ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು ಊಟಿಯ ಕಡೆಗಿನ ಹೆದ್ದಾರಿ, ಈ ಎರಡರಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿಷೇಧವಿದ್ದು, ಆಂಬುಲೆನ್ಸ್‌ಗಳಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ಎಚ್.ಡಿ. ಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯ ಗೇಟು ಸಂಜೆ 6ಕ್ಕೇ ಮುಚ್ಚುತ್ತದೆ. ಇದರಲ್ಲಿ ಒಂದು ಅಪಾಯ ಅಡಗಿದೆ. ಗೇಟು ಮುಚ್ಚುವುದರೊಳಗೆ ದಾಟಬೇಕೆಂಬ ಅವಸರದಲ್ಲಿ ಕೊನೆಯ ಅರ್ಧ ಗಂಟೆಯಲ್ಲಿ ವಾಹನಗಳು ಶರವೇಗದಲ್ಲಿ ಓಡುತ್ತವೆ, ಪ್ರಾಣಿಗಳು ರಸ್ತೆಗೆ ಇಳಿಯುವುದೂ ಹೆಚ್ಚುಕಡಿಮೆ ಅದೇ ವೇಳೆಗೆ. ಗೇಟಿನ ಸಮಯಕ್ಕಿಂತ ಕನಿಷ್ಠ ಒಂದು ಗಂಟೆ ಮುಂಚೆ ಕಾಡಿನ ಅಂಚಿಗೆ ತಲುಪುವಂತೆ ಲೆಕ್ಕ ಹಾಕಿ, ಅದಾಗದಿದ್ದರೆ ಈಚೆಯ ಊರಿನಲ್ಲೇ ಉಳಿದುಕೊಳ್ಳಿ.

ಹೊರಡುವ ಮುನ್ನ ಹೆಡ್‌ಲೈಟಿನ ಗಾಜನ್ನೂ ಮುಂಗಾಜನ್ನೂ, ಮುಂಗಾಜಿನ ಒಳಬದಿಯನ್ನೂ ಸೇರಿಸಿ, ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ಹಿಂದೆ ಕುಳಿತವರೂ ಸೀಟ್ ಬೆಲ್ಟ್ ಹಾಕಿಕೊಳ್ಳಲಿ.

ಬೆಳಕು ತಲುಪುವಷ್ಟೇ ವೇಗ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಾಮಾನ್ಯ ಕಾರಿನ ಡಿಮ್ ದೀಪದಲ್ಲಿ ರಸ್ತೆಯ ಮೇಲಿರುವ ಮಸುಕು ಬಣ್ಣದ ವಸ್ತುವೊಂದು ಸ್ಪಷ್ಟವಾಗಿ ಕಾಣುವುದು ಸುಮಾರು 40ರಿಂದ 50 ಮೀಟರ್ ದೂರದವರೆಗೆ. ಇನ್ನು ನಿಲ್ಲಿಸುವ ಲೆಕ್ಕ: ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಗುರುತಿಸಿ ಕಾಲು ಬ್ರೇಕಿನ ಮೇಲೆ ಬರುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 33 ಮೀಟರ್ ಹೋಗಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ, ಒಳ್ಳೆಯ ಟೈರುಗಳಿದ್ದರೂ, ಪೂರ್ತಿ ನಿಲ್ಲಲು ಇನ್ನೂ ಸುಮಾರು 36 ಮೀಟರ್ ಬೇಕು. ಒಟ್ಟು 70 ಮೀಟರಿಗೆ ಹತ್ತಿರ. ಅಂದರೆ ಡಿಮ್ ದೀಪದಲ್ಲಿ 80ರ ವೇಗದಲ್ಲಿ ಹೋಗುವವನು ಪ್ರಾಣಿಯನ್ನು ಕಂಡ ಕ್ಷಣಕ್ಕಾಗಲೇ ನಿಲ್ಲಿಸುವ ಅವಕಾಶವನ್ನು ಕಳೆದುಕೊಂಡಿರುತ್ತಾನೆ.

60ರ ವೇಗದಲ್ಲಿ ಈ ದೂರ ಸುಮಾರು 45 ಮೀಟರಿಗೆ ಇಳಿಯುತ್ತದೆ, ಅದು ದೀಪದ ಅಂಚಿಗೆ ಸರಿಹೋಗುತ್ತದೆ. 40ರಲ್ಲಿ 26 ಮೀಟರ್ ಸಾಕು. ಅರಣ್ಯ ಇಲಾಖೆಯ ಫಲಕಗಳಲ್ಲಿ 30, 40 ಎಂದು ಬರೆದಿರುವುದನ್ನು ನೋಡಿ ಗೊಣಗುವವರು ಒಮ್ಮೆ ಈ ಕೂಡಿಸುವ ಲೆಕ್ಕವನ್ನು ಮಾಡಿ ನೋಡಬೇಕು. ಮಳೆಯಲ್ಲಿ ಬ್ರೇಕಿನ ದೂರ ಬಹಳ ಹೆಚ್ಚುತ್ತದೆ. ಬಯಲುಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವ ರೂಢಿಯಿದೆಯಲ್ಲ, ಆ ಹುಲ್ಲಿನ ಮೇಲೆ ಟೈರು ಜಾರುತ್ತದೆ. ಅಲ್ಲಿ ಈ ಯಾವ ಅಂಕಿಯೂ ನಿಲ್ಲುವುದಿಲ್ಲ.

ಎದುರಿನಿಂದ ವಾಹನ ಬರದಿರುವಾಗ ಹೈ ಬೀಮ್ ಬಳಸಿ, ವಾಹನ ಕಂಡೊಡನೆ ಡಿಮ್ ಮಾಡಿ, ಹಾಗೆ ಡಿಮ್ ಮಾಡಿದಾಗಲೆಲ್ಲ ಕಾಲನ್ನೂ ಸ್ವಲ್ಪ ಸಡಿಲಿಸಿ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ದಾಟಿಹೋದ ಮೇಲಿನ ಎರಡು ಮೂರು ಸೆಕೆಂಡುಗಳ ಕತ್ತಲೆಯಲ್ಲಿ ನಾವು ಬಹುಮಟ್ಟಿಗೆ ಕುರುಡರೇ.

ರಸ್ತೆಯ ಅಂಚನ್ನು ಓದುವುದು

ಕಣ್ಣನ್ನು ಡಾಂಬರಿನ ಮೇಲಷ್ಟೇ ಇಡದೆ, ಎರಡೂ ಬದಿಯ ಹುಲ್ಲು ಮುಗಿದು ಪೊದೆ ಶುರುವಾಗುವ ಗೆರೆಯವರೆಗೆ ಆಡಿಸುತ್ತಿರಬೇಕು. ಕಾಡಿನ ರಸ್ತೆಗಳ ಬದಿಯಲ್ಲಿ ಬೆಂಕಿ ಹಬ್ಬದಂತೆ ಬೇಸಿಗೆಗೆ ಮುನ್ನ ಪೊದೆ ಸವರಿ ಸುಡುತ್ತಾರೆ. ಒಂದೆರಡು ಮಳೆ ಬಿದ್ದೊಡನೆ ಅಲ್ಲಿ ಎಳೆಹುಲ್ಲು ಚಿಗುರುತ್ತದೆ, ಜಿಂಕೆಗಳು ಅದನ್ನು ಮೇಯಲು ರಸ್ತೆಗೆ ಅಂಟಿಕೊಂಡೇ ನಿಂತಿರುತ್ತವೆ. ಪ್ರವಾಸಿಗರು ಎಸೆದ ತಿಂಡಿಯೂ ಲಾರಿಯಿಂದ ಉದುರಿದ ಕಾಳೂ ಕೋತಿ, ಹಂದಿ, ಜಿಂಕೆಗಳನ್ನು ಇದೇ ರೀತಿ ಸೆಳೆಯುತ್ತವೆ, ಹೀಗಾಗಿ ಕಿಟಕಿಯಿಂದ ಚಿಪ್ಸ್ ಎಸೆಯುವವರು ಹಿಂದೆ ಬರುವ ವಾಹನಕ್ಕೆ ಅಪಘಾತವನ್ನು ಬಿತ್ತಿ ಹೋದಂತೆ. ಹಳ್ಳ, ಮೋರಿ, ಕೆರೆಯ ಏರಿ, ಕಾಡು ಮತ್ತು ಜೋಳದ ಹೊಲ ಎದುರುಬದುರಾಗಿರುವ ತಾವು, ಇವು ಪ್ರಾಣಿಗಳು ರಸ್ತೆ ದಾಟುವ ಜಾಗಗಳು. ರಸ್ತೆಯ ಮೇಲೆ ಹಸಿ ಲದ್ದಿಯೋ ಮುರಿದ ಬಿದಿರೋ ಕಂಡರೆ ಆನೆ ಹತ್ತಿರದಲ್ಲೇ ಇದೆ ಎಂದು ತಿಳಿಯಬೇಕು.

ರಾತ್ರಿ ಜಿಂಕೆ, ಕಡವೆ, ದನ, ನಾಯಿ, ಚಿರತೆಗಳ ಕಣ್ಣು ದೀಪಕ್ಕೆ ಹೊಳೆಯುತ್ತವೆ. ಕಣ್ಣಿನ ಹಿಂಭಾಗದಲ್ಲಿರುವ ಕನ್ನಡಿಯಂಥ ಪದರ ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಪ್ರಾಣಿಯ ಮೈ ಕಾಣುವುದಕ್ಕಿಂತ ಬಹಳ ಮೊದಲೇ ಈ ಎರಡು ಚುಕ್ಕಿಗಳು ಕಾಣುತ್ತವೆ. ಆದರೆ ಹೊಳಪನ್ನೇ ನಂಬಿ ಕೂರುವಂತಿಲ್ಲ. ಹಂದಿಯ ಕಣ್ಣಿನಲ್ಲಿ ಆ ಪದರವೇ ಇಲ್ಲ, ಕೋತಿ ಮತ್ತು ಮುಸುವಗಳಲ್ಲೂ ಇಲ್ಲ. ಕಪ್ಪು ಮೈಯ, ಕುಳ್ಳು ಕಾಲಿನ ಕಾಡುಹಂದಿ ಡಾಂಬರಿನ ಮೇಲೆ ಕೊನೆಯವರೆಗೂ ಕಾಣುವುದಿಲ್ಲ, ಬೈಕ್ ಸವಾರರನ್ನು ಕೆಡವುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆನೆಯದು ಇನ್ನೊಂದು ತೊಡಕು. ಡಿಮ್ ದೀಪ ಬೀಳುವುದು ಅದರ ಕಾಲುಗಳ ಮೇಲೆ ಮಾತ್ರವಾದ್ದರಿಂದ ರಸ್ತೆಯ ಬದಿಯಲ್ಲಿ ನಾಲ್ಕು ಮರದ ಬೊಡ್ಡೆಗಳಿವೆ ಎಂದೇ ಅನಿಸುತ್ತದೆ. ಕಾಟಿಯ ಮೈ ಕತ್ತಲಲ್ಲಿ ಕತ್ತಲಾಗಿ ಹೋಗಿರುತ್ತದೆ, ಮೊಣಕಾಲಿನಿಂದ ಕೆಳಗಿನ ಬಿಳಿ ಕಾಲುಚೀಲಗಳಷ್ಟೇ ನೆಲದ ಮೇಲೆ ತಾವಾಗಿ ನಡೆಯುತ್ತಿರುವಂತೆ ಕಾಣುತ್ತವೆ.

ಕಂಡಾಗ ಏನು ಮಾಡಬೇಕು

ಬ್ರೇಕನ್ನು ಒಮ್ಮೆಗೇ ಗಟ್ಟಿಯಾಗಿ ಒತ್ತಿ, ಸ್ಟೀರಿಂಗನ್ನು ನೇರವಾಗಿ ಹಿಡಿಯಿರಿ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಇರುತ್ತದೆ. ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ, ಹೆದರಿ ಕಾಲೆತ್ತಬೇಡಿ. ಎಬಿಎಸ್ ಇಲ್ಲದ ಹಳೆಯ ವಾಹನದಲ್ಲಿ ಚಕ್ರ ಕಚ್ಚಿಕೊಂಡು ಜಾರತೊಡಗಿದರೆ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಒತ್ತಬೇಕು. ಕನ್ನಡಿಯಲ್ಲಿ ಹಿಂದಿನ ವಾಹನ ಅಂಟಿಕೊಂಡು ಬರುತ್ತಿರುವುದು ಕಂಡಿದ್ದರೆ ಅದನ್ನು ಮೊದಲೇ ಮುಂದಕ್ಕೆ ಬಿಟ್ಟುಕೊಟ್ಟಿರಬೇಕಿತ್ತು.

ಪ್ರಾಣಿಯನ್ನು ಉಳಿಸಲೆಂದು ಸ್ಟೀರಿಂಗನ್ನು ಎಳೆಯಬೇಡಿ. ಈ ಮಾತು ಕಠಿಣವಾಗಿ ಕೇಳಿಸಬಹುದು. ಆದರೆ ಡಿಕ್ಕಿ ತಪ್ಪಿಸಲು ಹೋಗಿ ಎದುರಿನ ಬಸ್ಸಿಗೋ ಹುಣಸೆಮರಕ್ಕೋ ಗುದ್ದಿಕೊಂಡವರಿಗೆ ಆಗುವ ಹಾನಿ ಜಿಂಕೆಗೆ ಗುದ್ದಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು, ಮಲೆನಾಡಿನ ತಿರುವುಗಳಲ್ಲಂತೂ ಪಕ್ಕಕ್ಕೆ ಸರಿಯಲು ನೆಲವೇ ಇರುವುದಿಲ್ಲ. ಅಲ್ಲದೆ, ಗಾಬರಿಗೊಂಡ ಜಿಂಕೆ ಯಾವ ಕಡೆಗೆ ನೆಗೆಯುತ್ತದೆಂದು ಊಹಿಸುವಂತಿಲ್ಲ. ನೀವು ತಿರುಗಿಸಿದ ಕಡೆಗೇ ಅದೂ ಬರಬಹುದು.

ನಿಲ್ಲಿಸಲು ದೂರವಿದ್ದರೆ ಹೈ ಬೀಮನ್ನು ಇಳಿಸಿ. ದೀಪಕ್ಕೆ ಕಣ್ಣು ಕೋರೈಸಿದ ಜಿಂಕೆ ಕಲ್ಲಿನಂತೆ ನಿಂತುಬಿಡುತ್ತದೆ, ಬೆಳಕು ಇಳಿದರೆ ಅದಕ್ಕೆ ದಾರಿ ಕಾಣುತ್ತದೆ. ಹಾರ್ನನ್ನು ಒಂದೆರಡು ಬಾರಿ ಚಿಕ್ಕದಾಗಿ ಒತ್ತಿದರೆ ಸಾಕು. ಬಂಪರಿಗೆ ಅಂಟಿಸಿಕೊಂಡರೆ ಜಿಂಕೆಗಳು ದೂರ ಓಡುತ್ತವೆಂದು ಹೇಳಿ ಮಾರುವ ಶಿಳ್ಳೆಗಳ ಮೇಲೆ ಹಣ ಹಾಕಬೇಡಿ, ಅವು ಕೆಲಸ ಮಾಡುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ.

ಮೊದಲನೆಯದು ದಾಟಿದ ಮೇಲೆ ಗೇರ್ ಬದಲಿಸದೆ, ನಿಧಾನವಾಗಿಯೇ, ಅದು ಬಂದ ದಿಕ್ಕನ್ನು ನೋಡಿ. ಹೋದ ದಿಕ್ಕನ್ನು ನೋಡುವುದು ನಮ್ಮ ಸ್ವಭಾವ, ನಾನು ಮಾಡಿದ್ದೂ ಅದನ್ನೇ. ಜಿಂಕೆ ಹಿಂಡಿನಲ್ಲಿರುತ್ತದೆ, ಹೆಣ್ಣು ಹಂದಿಯ ಹಿಂದೆ ಮರಿಗಳ ಸಾಲಿರುತ್ತದೆ, ತಾಯಾನೆಯ ಹಿಂದೆ ಮರಿಯೋ ಇಡೀ ಗುಂಪೋ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಚಿಗರಿ ಎಂದು ಕರೆಯುವ ಕೃಷ್ಣಮೃಗಗಳಂತೂ ರಾಣೆಬೆನ್ನೂರು, ಗದಗ, ಕೊಪ್ಪಳದ ಬಯಲುಗಳಲ್ಲಿ ಒಂದು ದಾಟಿದರೆ ಉಳಿದವೂ ಅದರ ಹೆಜ್ಜೆಯಲ್ಲೇ, ವಾಹನ ಬರುತ್ತಿದ್ದರೂ ಲೆಕ್ಕಿಸದೆ, ನೆಗೆನೆಗೆದು ಬರುತ್ತವೆ.

ಆನೆ ಎದುರಾದರೆ ನಿಯಮ ಬೇರೆ. ಸಾಕಷ್ಟು ಹಿಂದೆ ನಿಲ್ಲಿಸಿ, ಎಂಜಿನ್ ಆರಿಸದೆ, ಹಾರ್ನ್ ಮಾಡದೆ, ದೀಪ ಮಿಣುಕಿಸದೆ ಕಾಯಿರಿ. ಕಿವಿ ಅಗಲಿಸಿ ನಿಮ್ಮತ್ತ ತಿರುಗಿದರೆ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಹಿಂದಿನ ವಾಹನದವರಿಗೆ ತಾಳ್ಮೆ ಇರುವುದಿಲ್ಲ, ಅವರು ನುಗ್ಗಿದರೆ ನುಗ್ಗಲಿ. ಫೋಟೊ ತೆಗೆಯಲು ಇಳಿಯುವುದು ಅಪರಾಧವೂ ಹೌದು, ಹುಚ್ಚುತನವೂ ಹೌದು.

ಊರ ದನ, ಕುರಿ, ನಾಯಿ

ಕಾಡುಪ್ರಾಣಿಗಳ ಬಗ್ಗೆ ಫಲಕಗಳಾದರೂ ಇವೆ, ಊರ ಪ್ರಾಣಿಗಳ ಬಗ್ಗೆ ಅವೂ ಅಪರೂಪ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಗಳ ಬಿಡಾಡಿ ದನಗಳು ರಾತ್ರಿ ರಸ್ತೆಯ ಮಧ್ಯದಲ್ಲೇ ಮಲಗುತ್ತವೆ, ಏಕೆಂದರೆ ಸುತ್ತಲಿನ ಕೆಸರಿಗಿಂತ ಡಾಂಬರು ಒಣಗಿರುತ್ತದೆ, ಹಗಲಿನ ಬಿಸಿಯೂ ಅದರಲ್ಲಿ ಉಳಿದಿರುತ್ತದೆ. ಕುರಿಹಿಂಡಿನ ನಡುವೆ ಹಾದುಹೋಗುವಾಗ ಹಿಂಡನ್ನು ಇಬ್ಭಾಗ ಮಾಡಬಾರದು. ಒಂದು ಪಾಲು ಎಡಕ್ಕೆ ಹೋಗಿದ್ದರೆ ಉಳಿದವು ಅದನ್ನು ಸೇರಲು ಚಕ್ರದ ಕೆಳಗೂ ನುಗ್ಗುತ್ತವೆ. ಕುರಿಗಾಹಿ ಕೋಲೆತ್ತಿ ತೋರಿಸುವವರೆಗೆ ನಿಂತಿರುವುದು ಒಳ್ಳೆಯದು, ಅವನಿಗೆ ತನ್ನ ಕುರಿಯ ಮನಸ್ಸು ಗೊತ್ತು.

ದ್ವಿಚಕ್ರ ಸವಾರರಿಗೆ ನಾಯಿಯೇ ದೊಡ್ಡ ಗಂಡಾಂತರ. ಬೈಕನ್ನು ನೆಟ್ಟಗೆ ಇಟ್ಟುಕೊಂಡು ಎರಡೂ ಬ್ರೇಕನ್ನು ಒಟ್ಟಿಗೆ ಒತ್ತಿ, ಬಾಗಿರುವಾಗ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿಯಬೇಡಿ. ಅಟ್ಟಿಸಿಕೊಂಡು ಬರುವ ನಾಯಿಯನ್ನು ಒದೆಯಲು ಕಾಲೆತ್ತಿದವರು ಸಮತೋಲ ತಪ್ಪಿ ಬೀಳುತ್ತಾರೆ.

ಡಿಕ್ಕಿಯಾಗಿಯೇ ಹೋದರೆ

ವಾಹನವನ್ನು ಬದಿಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಜೊತೆಗಿದ್ದವರಿಗೆ ಪೆಟ್ಟಾಗಿದೆಯೇ ನೋಡಿ. ಜನರಿಗೆ ಗಾಯವಾಗಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ. ಕಾಡುಪ್ರಾಣಿಯಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ದನಕರುಗಳಾಗಿದ್ದರೆ ಪಶು ಆಂಬುಲೆನ್ಸಿನ 1962ಕ್ಕೆ ತಿಳಿಸಿ. ಕಾಡಿನೊಳಗೆ ಸಿಗ್ನಲ್ ಸಿಗದಿದ್ದರೆ ಮುಂದಿನ ಗೇಟಿನಲ್ಲಿ ಹೇಳಿ, ಅದಕ್ಕಾಗಿ ಜಾಗದ ಗುರುತಾಗಿ ಕಿಲೊಮೀಟರ್ ಕಲ್ಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬೇಡಿ, ನೀರು ಕುಡಿಸಲೂ ಬೇಡಿ: ಬಿದ್ದ ಕಡವೆ ಕಾಲು ಝಾಡಿಸಿದರೆ ಮನುಷ್ಯನ ಪಕ್ಕೆಲುಬು ಉಳಿಯುವುದಿಲ್ಲ.

ಸತ್ತ ಜಿಂಕೆಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಗೆ ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸ, ಕೊಂಬು, ಚರ್ಮ ಯಾವುದನ್ನು ಒಯ್ದರೂ ಜೈಲಿನ ದಾರಿಯೇ. ವಿಮೆಯ ವಿಷಯಕ್ಕೆ ಬಂದರೆ, ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ತಮ್ಮ ವಾಹನದ ರಿಪೇರಿಗೆ ಏನೂ ಸಿಗುವುದಿಲ್ಲ, ಸ್ವಂತ ಹಾನಿಯನ್ನೂ ಒಳಗೊಂಡ ವಿಮೆ ಬೇಕು. ಅಲ್ಲಿಂದ ಹೊರಡುವ ಮೊದಲೇ ಫೋಟೊ ತೆಗೆದಿಟ್ಟುಕೊಂಡರೆ ವಿಮಾ ಕಂಪನಿಗೂ ಅರಣ್ಯ ಸಿಬ್ಬಂದಿಗೂ ತೋರಿಸಲು ಆಗುತ್ತದೆ.

ಮತ್ತೆ ಹೊರಡುವ ಮೊದಲು ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿ. ನೀರು ಸೋರುತ್ತಿದ್ದರೆ ರೇಡಿಯೇಟರ್ ಒಡೆದಿರಬಹುದು, ಕಾರನ್ನು ಓಡಿಸಬಾರದು. ಒಂದೇ ಹೆಡ್‌ಲೈಟ್ ಉಳಿದಿದ್ದರೆ ಎದುರಿನವರ ಕಣ್ಣಿಗೆ ನೀವು ಬೈಕಿನಂತೆ ಕಾಣುತ್ತೀರಿ, ಬೆಳಗಾಗುವವರೆಗೆ ಗೇಟಿನ ಬಳಿಯೋ ಹತ್ತಿರದ ಊರಿನಲ್ಲೋ ನಿಂತುಬಿಡಿ.