ಕಾನ್ವೆಂಟ್ ಬಿಡಿಸಿ ಊರ ಶಾಲೆಗೆ ಹಾಕಿದ್ದು: ನಮ್ಮನೆ ಲೆಕ್ಕ

ಮಗಳ ಹೆಸರು ನವೋದಯದ ಪಟ್ಟಿಯಲ್ಲಿ ಬಂತು. ನವೋದಯ ಅಂದರೆ ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ. ಒಂದರಿಂದ ಐದರವರೆಗೆ ಅವಳು ಓದಿದ್ದು ಗುಬ್ಬಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲೇ. "ಭಾವ, ತೋಟ ಇಟ್ಕೊಂಡು ಇಷ್ಟು ಜಿಪುಣತನ ಮಾಡ್ತೀರಲ್ಲ" ಅಂದಿದ್ದ ಭಾವಮೈದುನ ಈಗ ತನ್ನ ಮಗನಿಗೆ ಯಾವ ಗೈಡ್ ಕೊಡಿಸಲಿ ಅಂತ ಫೋನ್ ಮಾಡ್ತಾನೆ.

ದೊಡ್ಡವನನ್ನು ತುಮಕೂರಿನ ಕಾನ್ವೆಂಟಿಗೆ ಹಾಕಿದ್ದೆವು. ಫೀಸು ಇಪ್ಪತ್ತೆಂಟು ಸಾವಿರದ ಆಸುಪಾಸು, ವ್ಯಾನಿಗೆ ತಿಂಗಳಿಗೆ ಸಾವಿರದ ಹತ್ತಿರ, ಪುಸ್ತಕ, ಶೂ, ವಾರ್ಷಿಕೋತ್ಸವದ ಡ್ರೆಸ್ಸು ಬೇರೆ. ಎಲ್ಲ ಸೇರಿ ವರ್ಷಕ್ಕೆ ಐವತ್ತರ ಮೇಲೆ. ಎರಡನೇ ಕಂತು ಕಟ್ಟುವ ಹೊತ್ತಿಗೇ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಬಿದ್ದಿರುತ್ತಿತ್ತು. ನಾಲ್ಕನೇ ಕ್ಲಾಸ್ ಮುಗಿದ ಮೇಲೆ ಬಿಡಿಸಿ ಊರ ಶಾಲೆಗೆ ಹಾಕೋಣ ಅಂದರೆ, ಬಾಕಿ ತೀರಿಸುವವರೆಗೆ ಟಿಸಿ ಕೊಡಲಿಲ್ಲ. ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿ ಬಂತು.

ನವೋದಯದಲ್ಲಿ ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೆ. ಆದರೆ ಮೂರು, ನಾಲ್ಕು, ಐದನೇ ತರಗತಿಯಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಲೆಕ್ಕಕ್ಕೆ ಬರಲ್ಲ. ದೊಡ್ಡವನು ಆ ಲೆಕ್ಕದಿಂದ ಹೊರಗೆ, ಉಳಿದ ಸೀಟಿಗೆ ಬರೆದರೂ ಸಿಗಲಿಲ್ಲ. ಮತ್ತೊಮ್ಮೆ ಬರೆಯೋಣ ಅಂದರೆ ಆ ಪರೀಕ್ಷೆಗೆ ಒಂದೇ ಅವಕಾಶ. ಸರ್ಕಾರದ್ದೇ ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯವೂ ಕೈಗೆ ಹತ್ತಲಿಲ್ಲ. ಕೊನೆಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು: ಊಟ, ಹಾಸ್ಟೆಲ್, ಬಟ್ಟೆ, ಪುಸ್ತಕ ಎಲ್ಲ ಉಚಿತ, ಹತ್ತನೆಯವರೆಗೆ ಚಿಂತೆ ಇಲ್ಲ. ಈಗ ಅಲ್ಲೇ ಚೆನ್ನಾಗಿದ್ದಾನೆ.

ಮಗಳ ವಿಷಯದಲ್ಲಿ ಮೊದಲಿಂದಲೂ ಊರ ಶಾಲೆ. ಐದು ಕ್ಲಾಸಿಗೆ ಇಬ್ಬರು ಟೀಚರು, ಅವರಲ್ಲೊಬ್ಬರು ಸದಾ ಮೀಟಿಂಗು, ಸರ್ವೆ ಅಂತ ಓಡಾಟ. ಸರ್ಕಾರಿ ಶಾಲೆಯಲ್ಲಿ ಆಟದ ಹಾಗೆ ಕಲಿಸುವ ನಲಿ-ಕಲಿ ಕಾರ್ಡುಗಳಿಂದ ಓದು ಬರಹ ಬೇಗ ಬಂತು, ಇಂಗ್ಲಿಷ್ ಮಾತ್ರ ಬರಲಿಲ್ಲ. ಕಾನ್ವೆಂಟ್ ಫೀಸಿಲ್ಲದೆ ಉಳಿದ ದುಡ್ಡಿನಲ್ಲಿ ಅರ್ಧದಷ್ಟನ್ನು ಇಂಗ್ಲಿಷಿಗೇ ಹಾಕಿದೆ. ಊರಲ್ಲೇ ಡಿ.ಎಡ್. ಮುಗಿಸಿ ಮನೆಯಲ್ಲಿದ್ದ ಹುಡುಗಿಗೆ ತಿಂಗಳಿಗೆ ಎಂಟುನೂರು ಕೊಟ್ಟು ಸಂಜೆ ಪಾಠ. ಅದಕ್ಕೂ ಮುಂಚೆ ಮೊಬೈಲ್ ಆ್ಯಪಿಗೆ ಸುರಿದ ಐದಾರು ಸಾವಿರ ಪೂರ್ತಿ ದಂಡ.

ನಡುವೆ ಒಂದು ಗೌರಿ ಹಬ್ಬಕ್ಕೆ ನೆಂಟರ ಮಕ್ಕಳೆಲ್ಲ ಸೇರಿದ್ದಾಗ ಒಂದು ಪರೀಕ್ಷೆ ಇಟ್ಟೆ. ಡೇರಿ ಚೀಟಿ ಕೈಗೆ ಕೊಟ್ಟು, 3 ಲೀಟರ್ 600 ಮಿಲಿ ಹಾಲಿಗೆ ಲೀಟರಿಗೆ 35 ರೂಪಾಯಿಯಂತೆ ಎಷ್ಟು ಅಂತ ಕೇಳಿದೆ. ಕಾನ್ವೆಂಟಿಗೆ ಹೋಗುವ ನೆಂಟರ ಹುಡುಗ ಚೀಟಿಯ ಹಿಂದಿದ್ದ ಇಂಗ್ಲಿಷನ್ನು ಪಟಪಟ ಓದಿದ, ಲೆಕ್ಕಕ್ಕೆ ಅವರಮ್ಮನ ಮುಖ ನೋಡಿದ. ನನ್ನ ಮಗಳು ಬಾಯಲ್ಲೇ 126 ಅಂದಳು, ಇಂಗ್ಲಿಷಿಗೆ ತಡವರಿಸಿದಳು. ಸಿಬಿಎಸ್‌ಇ ಹುಡುಗಿ ಎರಡನ್ನೂ ಮಾಡಿದಳು, ಒಪ್ಪಲೇಬೇಕು. ಆದರೆ ಅವಳ ಫೀಸಲ್ಲಿ ನಾನು ಎರಡು ಹಸು ಕಟ್ಟಬಹುದು!

ಐದನೇ ಕ್ಲಾಸಲ್ಲಿ ಮಗಳಿಗೆ ನವೋದಯ ಪರೀಕ್ಷೆಯ ತಯಾರಿ. 80 ಪ್ರಶ್ನೆ, ಎರಡು ಗಂಟೆ. ಒಟ್ಟು ಅಂಕದಲ್ಲಿ ಅರ್ಧ ಬುದ್ಧಿಶಕ್ತಿಯ ಚಿತ್ರಗಳಿಗೆ. ಕನ್ನಡಿ ಬಿಂಬದ ಪ್ರಶ್ನೆಗೆ ಹೆಂಡತಿಯ ಕೈಗನ್ನಡಿಯನ್ನೇ ಚಿತ್ರದ ಪಕ್ಕ ನಿಲ್ಲಿಸಿದೆವು. ಮಡಿಸಿದ ಕಾಗದದ ಪ್ರಶ್ನೆಗೆ ಹಳೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ದಬ್ಬಳದಿಂದ ಚುಚ್ಚಿ, ಬಿಚ್ಚುವ ಮೊದಲೇ ತೂತು ಎಲ್ಲೆಲ್ಲಿ ಅಂತ ಹೇಳಿಸೋದು. ವಾರದಲ್ಲಿ ಮನೆ ತುಂಬ ತೂತು ಪೇಪರು. ಉತ್ತರಕ್ಕೆ ಸುತ್ತು ತುಂಬುವ ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿ ಬಾಲ್ ಪೆನ್ನಲ್ಲೇ ತುಂಬಿಸಿದೆ. ಪೆನ್ಸಿಲ್ ಅಭ್ಯಾಸ ಆದರೆ ಅಳಿಸುವ ಚಾಳಿ ಹೋಗಲ್ಲ. ಲೆಕ್ಕದ ಭಾಗದಲ್ಲಿ ಕಾಲು ಗಂಟೆ ಉಳಿಸುವ ಉಪಾಯ ಒಂದಿದೆ. ಭಾವಮೈದುನನ ಮಗ ಬರೆದು ಮುಗಿಸಲಿ, ಆಮೇಲೆ ಹೇಳ್ತೀನಿ.

ಒಂಬತ್ತನೇ ಕ್ಲಾಸಿನಿಂದ ನವೋದಯದಲ್ಲಿ ತಿಂಗಳಿಗೆ 600 ಕಟ್ಟಬೇಕು, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಒಂಬತ್ತರಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಗೆ ಕಳಿಸ್ತಾರೆ. ನಮ್ಮನೆಯವಳು ಅದಕ್ಕೆ ಈಗಲೇ ಜಗಳ ಶುರು ಮಾಡಿದ್ದಾಳೆ. ಅರ್ಜಿ ಹಾಕುವವರು ಹೆಡ್‌ಮಾಸ್ಟರ ಸಹಿ, ಸೀಲು ಮೊದಲೇ ಹಾಕಿಸಿಕೊಳ್ಳಿ, ಕೊನೇ ದಿನ ಅವರು ಸಿಗಲ್ಲ.