ಮುಂದಿನ ಪುಸ್ತಕವನ್ನು ಚೀಟಿ ಎತ್ತಿ ಆರಿಸಿ

ಮುಂದೆ ಏನು ಓದುವುದೆಂದು ತೋಚದೆ ಕಪಾಟಿನ ಮುಂದೆ ನಿಂತುಬಿಡುವವರಿಗೆ ಒಂದು ಸಲಹೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳನ್ನು ಹತ್ತು ಚೀಟಿಗಳಲ್ಲಿ ಬರೆದು ಮಡಚಿ, ಮೂರು ಸಲ ಎತ್ತಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮತ್ತೆ ಬೆರೆಸಿ. ಸಿಕ್ಕ ಮೂರಂಕಿಯ ಸಂಖ್ಯೆ ಹಿಡಿದು ಗ್ರಂಥಾಲಯಕ್ಕೆ ಹೋಗಿ.

ಅನೇಕ ಗ್ರಂಥಾಲಯಗಳು ಪುಸ್ತಕಗಳನ್ನು ಜೋಡಿಸುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದ ಪ್ರಕಾರ. ಅದರಲ್ಲಿ ಎಲ್ಲ ವಿಷಯಗಳೂ 000ದಿಂದ 999ರೊಳಗೆ ಹಂಚಿಕೊಂಡಿವೆ: 520 ಖಗೋಳ ವಿಜ್ಞಾನ, 598 ಹಕ್ಕಿಗಳು. ನನಗೊಮ್ಮೆ 638 ಬಂತು. ಕೀಟ ಸಾಕಣೆ! ನಾನಾಗಿ ಆ ಸಾಲಿನತ್ತ ಎಂದೂ ಹೋಗುತ್ತಿರಲಿಲ್ಲ. ಅಲ್ಲಿ ಜೇನು ಸಾಕಣೆಯ ತೆಳ್ಳನೆಯ ಪುಸ್ತಕವೊಂದು ಸಿಕ್ಕಿತು. ಗೂಡಿನ ಕತ್ತಲಲ್ಲಿ, ನೆಟ್ಟಗೆ ನಿಂತ ಎರಿಯ ಮೇಲೆ ಕುಣಿಯುತ್ತಾ, ಹೂವು ಸೂರ್ಯನಿಂದ ಎಷ್ಟು ಓರೆಯಲ್ಲಿದೆ ಎಂಬುದನ್ನು ಜೇನುನೊಣ ತನ್ನ ಸಂಗಡಿಗರಿಗೆ ತಿಳಿಸುತ್ತದಂತೆ. ಅದನ್ನು ಓದುತ್ತಾ ನಿಂತಲ್ಲೇ ಅರ್ಧ ಗಂಟೆ ಕಳೆದೆ. ಆಮೇಲೆ ಜೇನಿನ ಬಗ್ಗೆಯೇ ಇನ್ನೂ ನಾಲ್ಕು ಪುಸ್ತಕ ಓದಿದೆ.

ಬಂದ ಸಂಖ್ಯೆ ಹಿಡಿಸಲಿಲ್ಲವೆಂದು ಮತ್ತೆ ಚೀಟಿ ಎತ್ತಬೇಡಿ, ದಯವಿಟ್ಟು. ಹಾಗೆ ಮಾಡಿದರೆ ನಿಮ್ಮ ಹಳೆಯ ಅಭಿರುಚಿಯೇ ಮತ್ತೆ ಆರಿಸಿದಂತಾಗುತ್ತದೆ. ಆ ಸಂಖ್ಯೆಯಲ್ಲಿ ಪುಸ್ತಕವೇ ಇಲ್ಲದಿದ್ದರೆ ಮಾತ್ರ ಪಕ್ಕದ ಸಂಖ್ಯೆಗೆ ಸರಿಯಿರಿ. ಮೂವತ್ತು ಪುಟ ಓದಿದ ಮೇಲೂ ಮನಸ್ಸು ನಿಲ್ಲದಿದ್ದರೆ ಸಂಕೋಚವಿಲ್ಲದೆ ಹಿಂದಿರುಗಿಸಿ.

ಕಾದಂಬರಿಯೇ ಬೇಕೆನ್ನುವವರು ಒಂದು ಚೀಟಿಯಿಂದ ಕಪಾಟಿನ ಸಾಲನ್ನೂ ಇನ್ನೊಂದರಿಂದ ಎಡದಿಂದ ಎಷ್ಟನೆಯ ಪುಸ್ತಕ ಎಂಬುದನ್ನೂ ಗೊತ್ತುಮಾಡಿಕೊಳ್ಳಬಹುದು.