ಕಾಲು ಜಾರಿತು, ಕೈ ತಪ್ಪಿತು

"ಜನ ಅಪಾಯಕ್ಕೆ ಎಷ್ಟು ಹೆದರ್ತಾರೆ ಅನ್ನೋದನ್ನ ಕ್ರಿಯಾಪದ ನೋಡಿ ಹೇಳ್ತೀಯಾ?" ಅಂತ ನಕ್ಕಿದ್ದ ಗೆಳೆಯ, ಹೋದ ತಿಂಗಳು ತನ್ನ ವಿದ್ಯಾರ್ಥಿಗಳಿಗೆ ಅಂತ ಮರ ಹತ್ತುವವರ ಮಾತಿಂದ ನಾನು ಆಯ್ದ ಕ್ರಿಯಾಪದಗಳ ಪಟ್ಟಿ ಇಸ್ಕೊಂಡು ಹೋದ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ತೀರ್ಥಹಳ್ಳಿ ಕಡೆ ಅಡಿಕೆ ಮರ ಹತ್ತುವವರ ಕಥೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋರು, ಆಮೇಲೆ ಅಡಿಕೆ ಕೊನೆ, ಅಂದ್ರೆ ಗೊಂಚಲು, ತೆಗೆಯೋರು. ಮೊದಲ ವರ್ಷ ಪ್ರಶ್ನಾವಳಿ ಮಾಡಿದೆ. 200 ಪ್ರತಿ ಜೆರಾಕ್ಸು, ಪೆಟ್ರೋಲು ಎಲ್ಲ ಸೇರಿ 7-8 ಸಾವಿರ ಹೋಯ್ತು. "ಎಚ್ಚರ ವಹಿಸುತ್ತೀರಾ?" ಎಲ್ಲರೂ "ಹೌದು". ಆ ಕಟ್ಟಿನ ಹಿಂಬದಿಯಲ್ಲಿ ಈಗ ಮಗಳು ಲೆಕ್ಕ ಮಾಡ್ತಾಳೆ.

ಆಮೇಲೆ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬಾವ್ ದಾರಿ ಹಿಡಿದೆ. ಸಾವಿನ ಬಾಯಿಗೆ ಹೋಗಿ ಬಂದ ಕಥೆ ಕೇಳಿದರೆ ಜನ ಮೈಮರೆತು ಸಹಜವಾಗಿ ಮಾತಾಡ್ತಾರೆ ಅನ್ನೋದು ಅವರ ಲೆಕ್ಕ. "ಇವತ್ತು ಸತ್ತೇ ಹೋದೆ ಅಂತ ಯಾವತ್ತಾದ್ರೂ ಅನ್ನಿಸಿತ್ತಾ?" ಅಂತ ಕೇಳಿದೆ. ಒಬ್ಬರು ಕವಳ ಉಗಿದು, "ಬೆಳಬೆಳಗ್ಗೆ ಏನ್ ಮಾತು ಇದು? ಬಿಡ್ತು ಅನ್ರೀ" ಅಂದರು. ಅಂದೆ. ಮಾತು ಅಲ್ಲಿಗೆ ನಿಂತಿತು.

ಕೊನೆಗೆ ಕೈ ಹಿಡಿದದ್ದು ನನ್ನದೇ ಪೆದ್ದುತನ. ಒದ್ದೆ ಕೈಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿ, ಶಾಕ್ ಹೊಡೆಸಿಕೊಂಡು ಕೆಸರಿಗೆ ಬಿದ್ದ ಕಥೆ ಮೊದಲು ಹೇಳಿದೆ. ಅಷ್ಟೇ, ಅವರೂ ಶುರು ಮಾಡಿದರು. 60-70 ಕಥೆ ಸಿಕ್ಕವು. ಮೊದಲ ಹತ್ತು ಮಳೆ ಸದ್ದಿನಲ್ಲಿ ಹಾಳಾದವು. ಸೆಕೆಂಡ್ ಹ್ಯಾಂಡ್ ರೆಕಾರ್ಡರ್‌ಗೆ ಕೊಟ್ಟ 4,500 ದಂಡ.

ಬರೆದುಕೊಂಡ ಮೇಲೆ ಕ್ರಿಯಾಪದಕ್ಕೆ ಮಾತ್ರ ಗೆರೆ ಎಳೆದೆ. ತಾನು ಬಿದ್ದಿದ್ದರೆ "ಕಾಲು ಜಾರಿತು", "ಕೈ ತಪ್ಪಿತು". ಪಕ್ಕದವನು ಬಿದ್ದಿದ್ದರೆ "ನೋಡ್ಕೊಂಡು ಹತ್ತಲಿಲ್ಲ". ಒಬ್ಬರು ಹೀಗೇ "ಕಾಲು ಜಾರಿತು" ಅಂತಿದ್ದಾಗ ಒಳಗಿಂದ ಅವರ ಹೆಂಡತಿ, "ಕಾಲೊಂದೇ ಏನ್ ಜಾರಿದ್ದು, ಇವ್ರೇ ಬಿದ್ದಿದ್ದು. ರಾತ್ರಿ ಜಾಸ್ತಿ ಆಗಿತ್ತು" ಅಂದರು!

ಗೆಳೆಯ ನಂಬಲಿಲ್ಲ. 20 ಕಥೆಗಳಲ್ಲಿ ಹೆಸರು, ನಾನು, ಅವನು ಎಲ್ಲ ಅಳಿಸಿ, ಬಿದ್ದದ್ದು ಹೇಳಿದವನೋ ಬೇರೆಯವನೋ ಹೇಳು ಅಂತ ಕೊಟ್ಟ. 17 ಸರಿ ಹೇಳಿದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಇಷ್ಟ. ಶಾಲೆಯಲ್ಲಿ ಕಲಿತ ಸಂಭಾವನಾರ್ಥಕ, ಅಂದ್ರೆ 'ಆಗಬಹುದು' ಅನ್ನೋ ಅರ್ಥದ "ಬಂದಾನು, ಹೋದಾನು" ಇದೆಯಲ್ಲ, ಅದು ಸತ್ತಿದೆ ಅಂದುಕೊಂಡಿದ್ದೆ. ಮರದಿಂದ ಮರಕ್ಕೆ ಹಾಯುವ ಜಾಗಕ್ಕೆ ಕಥೆ ಬಂತು ಅಂದರೆ ಅದು ಹಾಜರ್. ಆದರೆ ಯಾವಾಗಲೂ ಕೆಳಗೆ ನಿಂತವರ ಬಾಯಲ್ಲಿ: "ಏಯ್, ಬಿದ್ದೀಯಾ!" ತನ್ನ ಬಗ್ಗೆ "ಬಿದ್ದೇನು" ಅಂದವರು ಒಬ್ಬರೂ ಸಿಗಲಿಲ್ಲ. "ಬಿದ್ದೇ ಬಿಡ್ತಿದ್ದೆ" ಅಂತಾರೆ, ಅದೂ ಕೆಳಗಿಳಿದ ಮೇಲೆ.

ದೋಟಿಯವರದ್ದೂ, ಅಂದ್ರೆ ನೆಲದಲ್ಲೇ ನಿಂತು ಉದ್ದ ಕೋಲಲ್ಲಿ ಕೊನೆ ಕೊಯ್ಯೋರದ್ದೂ, ಕೇಳೋಣ ಅಂತ ಹೊರಟೆ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿದರೆ ಗತಿ ಏನು ಅಂತ ಎಲ್ಲರಿಗೂ ಗೊತ್ತು. ಅಲ್ಲೂ "ಕರೆಂಟೇ ಎಳ್ಕೊಳ್ತು". ಹತ್ತೇ ಕಥೆ ಸಿಕ್ಕಿದ್ದು, ಲೆಕ್ಕಕ್ಕೆ ಸಾಲದು.

ಹುಮ್ಮಸ್ಸಿನಲ್ಲಿ ಒಂದು ತೋಟದ ಶೆಡ್ಡಿನ ಗೋಡೆಗೆ 300 ರೂಪಾಯಿ ಕೊಟ್ಟು "ಬಿದ್ದೀಯಾ ಮಾರಾಯಾ!" ಅಂತ ದೊಡ್ಡದಾಗಿ ಬರೆಸಿದೆ. ವಾರದಲ್ಲಿ ಯಜಮಾನರ ತಾಯಿ ಸುಣ್ಣ ಬಳಿಸಿದರು. ಅಂಥ ಮಾತು ಗೋಡೆ ಮೇಲೆ ಇರಬಾರದಂತೆ.